ಹಚ್ಚುವ ಮುನ್ನ ತೊಳೆಯಿರಿ

ಗೃಹಸ್ಥರ ಮನೆಯಲ್ಲಿ ಹರಿತವಾದ ಸಲಕರಣೆಗಳಿಗೆ ಕೊರತೆಯಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆಯೂ ಚಾಕುವೂ ಇರುತ್ತವೆ. ಹಿತ್ತಿಲಲ್ಲಿ ಮಚ್ಚು, ಕೊಡಲಿಗಳಿರುತ್ತವೆ. ಹೊಲಕ್ಕೆ ಹೋಗುವವರ ಕೈಯಲ್ಲಿ ಕುಡುಗೋಲು ಇದ್ದೇ ಇರುತ್ತದೆ. ಮರದ ಕೆತ್ತನೆ, ಗಿಡಗಳಿಗೆ ಕಸಿ ಕಟ್ಟುವುದು ಮುಂತಾದ ಹವ್ಯಾಸಗಳನ್ನು ರೂಢಿಸಿಕೊಂಡವರ ಮೇಜಿನ ಮೇಲೆ ಬಗೆಬಗೆಯ ಚೂರಿ, ಉಳಿಗಳನ್ನೂ ಈಗ ಕಾಣುತ್ತೇವೆ. ಇವೆಲ್ಲವೂ ದುಡಿಮೆಯ ಸಂಗಾತಿಗಳೇ. ಇವುಗಳೊಡನೆ ದುಡಿಯುವವರ ಬೆರಳಿಗೆ ಒಮ್ಮೊಮ್ಮೆ ಗಾಯವಾಗುವುದೂ ಸಹಜವೇ.

ಗಾಯವಾದ ಮರುಕ್ಷಣದಲ್ಲಿ ನಮ್ಮ ಕೈ ಎತ್ತ ಚಾಚುತ್ತದೆ ಎಂಬುದನ್ನು ಓದುಗ ಬಂಧುಗಳು ಒಮ್ಮೆ ನೆನಪಿಸಿಕೊಳ್ಳಬೇಕು. ಅಡುಗೆಮನೆಯಲ್ಲಾದರೆ ಅರಿಸಿನದ ಡಬ್ಬಿ, ಕಾಫಿಪುಡಿ, ಸಕ್ಕರೆ ಅಥವಾ ಸುಣ್ಣ. ಹೊಲದಲ್ಲಾದರೆ ಅಂಗೈಯಲ್ಲಿ ತಿಕ್ಕಿದ ಸೊಪ್ಪಿನ ರಸ, ಇಲ್ಲವೆ ಒಂದು ಚಿಟಿಕೆ ಮಣ್ಣು. ನೀರಿನ ಕಡೆಗೆ ಕೈ ಹೋಗುವುದು ಅಪರೂಪ. ಗಾಯವೆಂದರೆ ಏನನ್ನಾದರೂ ಹಚ್ಚಬೇಕು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಈ ರೂಢಿಯನ್ನು ನಾವು ಬದಲಿಸಿಕೊಳ್ಳಲೇಬೇಕು ಎಂಬುದು ಈ ಬರೆಹದ ಆಶಯ. ಮೊದಲು ಒತ್ತಿ ಹಿಡಿಯಬೇಕು, ಅನಂತರ ತೊಳೆಯಬೇಕು, ಕೊನೆಗೆ ಮುಚ್ಚಬೇಕು. ಈ ಮೂರು ಕೆಲಸಗಳು ಕ್ರಮವಾಗಿ ನಡೆದರೆ ಸಣ್ಣ ಗಾಯಗಳಲ್ಲಿ ಹೆಚ್ಚಿನವು ಬೇರೆ ಯಾವ ಔಷಧಿಯನ್ನೂ ಬೇಡುವುದಿಲ್ಲ.

ಒತ್ತಿ ಹಿಡಿಯುವುದು

ಚರ್ಮ ಕೊಯ್ದಾಗ ದೇಹ ಸುಮ್ಮನಿರುವುದಿಲ್ಲ. ಕತ್ತರಿಸಿದ ಸಣ್ಣ ರಕ್ತನಾಳಗಳು ತಾವಾಗಿಯೇ ಕುಗ್ಗುತ್ತವೆ. ರಕ್ತದಲ್ಲಿರುವ ಕಿರುಬಿಲ್ಲೆಗಳು ಗಾಯದ ಬಾಯಿಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅನಂತರ ಫೈಬ್ರಿನ್ ಎಂಬ ನಾರಿನಂಥ ಪದಾರ್ಥ ಬಲೆಯಂತೆ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಈ ಕೆಲಸಕ್ಕೆ ದೇಹ ಬೇಡುವುದು ಸ್ವಲ್ಪ ಸಮಯವನ್ನು ಮತ್ತು ಅಲುಗಾಡದ ಒತ್ತಡವನ್ನು ಮಾತ್ರ. ಒಗೆದು ಒಣಗಿಸಿದ ಹತ್ತಿಯ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು, 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ಹಿಡಿದರೆ ಇನ್ನೂ ಒಳ್ಳೆಯದು. ನಿಂತಿದೆಯೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ಬಟ್ಟೆ ತೆಗೆದು ನೋಡುವುದು ನಮ್ಮೆಲ್ಲರ ಚಪಲ. ಹೀಗೆ ನೋಡಿದಾಗಲೆಲ್ಲ ಆಗಷ್ಟೇ ಕಟ್ಟಿಕೊಂಡ ಹೆಪ್ಪು ಕಿತ್ತುಬರುತ್ತದೆ, ರಕ್ತ ಮತ್ತೆ ಹರಿಯುತ್ತದೆ. ಬಟ್ಟೆ ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದು ಬಟ್ಟೆಯನ್ನಿಟ್ಟು ಒತ್ತಬೇಕೇ ಹೊರತು ಮೊದಲಿನದನ್ನು ತೆಗೆಯಬಾರದು.

ಬೆರಳಿನ ಬುಡಕ್ಕೆ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯಾಗಿ ಕಟ್ಟುವ ಪದ್ಧತಿ ಕೆಲವೆಡೆ ಇದೆ. ಇದು ಅಪಾಯಕರ. ಕಟ್ಟಿದ್ದು ಮರೆತುಹೋದರೆ ಬೆರಳಿಗೆ ರಕ್ತ ಹರಿಯದೆ ಆ ಭಾಗವೇ ಸಾಯುವ ಸಂಭವವಿದೆ. ಗಾಯವಾದ ಕೈಯಲ್ಲಿ ಉಂಗುರವಿದ್ದರೆ ಬಾವು ಬರುವ ಮೊದಲೇ ಅದನ್ನು ತೆಗೆದುಬಿಡಬೇಕು.

ತೊಳೆಯುವುದು

ರಕ್ತ ನಿಂತ ಮೇಲೆ, ಅಥವಾ ಗಾಯ ತೀರ ಚಿಕ್ಕದಾಗಿದ್ದರೆ ಆ ಕೂಡಲೇ, ಹರಿಯುವ ನೀರಿನ ಕೆಳಗೆ ಬೆರಳನ್ನು ಹಿಡಿಯಬೇಕು. ಇದಕ್ಕೆ ವಿಶೇಷವಾದ ನೀರೇನೂ ಬೇಡ. ಕುಡಿಯಲು ಯೋಗ್ಯವಾದ ನೀರು ಸಾಕು. ಹೊಲದಲ್ಲಿ ನಲ್ಲಿ ಇರುವುದಿಲ್ಲ, ಆದರೆ ಕುಡಿಯಲು ಒಯ್ದ ಬಾಟಲಿ ಇರುತ್ತದೆ. ಅದರ ನೀರನ್ನೇ ಗಾಯದ ಮೇಲೆ ಧಾರೆಯಾಗಿ ಸುರಿಯಬಹುದು. ಕಾಲುವೆಯ, ಕೆರೆಯ ನೀರು ಮಾತ್ರ ಬೇಡ. ಸುತ್ತಲಿನ ಚರ್ಮವನ್ನು ಸಾಬೂನಿನಿಂದ ತೊಳೆಯಬಹುದು. ಗಾಯದೊಳಗೆ ಮಣ್ಣು, ಸಿಬಿರು, ಹೊಟ್ಟು ಉಳಿದಿದ್ದರೆ ನೀರಿನ ಧಾರೆಯಿಂದಲೇ ಹೊರಹಾಕಬೇಕು. ಆಳಕ್ಕೆ ನಾಟಿಕೊಂಡ ವಸ್ತುವನ್ನು ಮನೆಯಲ್ಲಿ ಕೀಳುವ ಸಾಹಸ ಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಉರಿದಷ್ಟೂ ಔಷಧಿ ಕೆಲಸ ಮಾಡುತ್ತಿದೆ ಎಂದು ನಂಬುವವರು ನಮ್ಮಲ್ಲಿ ಬಹಳ. ಆದ್ದರಿಂದಲೇ ಸ್ಪಿರಿಟನ್ನೋ ಹೈಡ್ರೋಜನ್ ಪೆರಾಕ್ಸೈಡನ್ನೋ ಗಾಯದೊಳಕ್ಕೆ ಸುರಿಯುತ್ತಾರೆ. ಇವು ಸೂಕ್ಷ್ಮಜೀವಿಗಳನ್ನು ಕೊಲ್ಲುವಂತೆಯೇ ಗಾಯವನ್ನು ಮಾಯಿಸಲು ಬಂದ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತವೆ. ಹೀಗಾಗಿ ಇವನ್ನು ತೆರೆದ ಗಾಯಕ್ಕೆ ಸುರಿಯಬಾರದು.

ಅರಿಸಿನದ ಮಾತು

ಅರಿಸಿನವನ್ನು ಕುರಿತು ಹೀಗೆ ಹೇಳಿದರೆ ಹಿರಿಯರಲ್ಲಿ ಕೆಲವರಿಗೆ ಬೇಸರವಾಗಬಹುದು. ಅಮೆರಿಕದವರೇ ಅರಿಸಿನಕ್ಕೆ ಹಕ್ಕುಸ್ವಾಮ್ಯ ಪಡೆಯಲು ಬಂದಿರಲಿಲ್ಲವೇ ಎಂದು ಅವರು ಕೇಳಬಹುದು. ನಿಜ. ಗಾಯ ಮಾಯಿಸಲು ಅರಿಸಿನವನ್ನು ಬಳಸುವ ಕ್ರಮಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆತಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ನಮ್ಮ ಪ್ರಾಚೀನ ಗ್ರಂಥಗಳನ್ನೂ ಹಿಂದೆ ಪ್ರಕಟವಾದ ಬರೆಹಗಳನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ನಮ್ಮ ನಾಡಿಗೆ ಅದು ಹೆಮ್ಮೆಯ ಗಳಿಗೆಯೇ ಸರಿ.

ಆದರೆ ಆ ವ್ಯಾಜ್ಯದಲ್ಲಿ ತೀರ್ಮಾನವಾದದ್ದು ಏನು? ಈ ತಿಳಿವಳಿಕೆ ಹೊಸದಲ್ಲ, ಭಾರತೀಯರಿಗೆ ಹಿಂದಿನಿಂದಲೂ ಗೊತ್ತಿದ್ದದ್ದು ಎಂಬುದಷ್ಟೇ. ಅಡುಗೆಮನೆಯ ಡಬ್ಬಿಯಲ್ಲಿರುವ ಪುಡಿ ಶುಚಿಯಾಗಿದೆ, ಅದನ್ನು ಹಸಿಗಾಯಕ್ಕೆ ತುಂಬಬಹುದು ಎಂದು ಅಲ್ಲಿ ಯಾರೂ ತೀರ್ಪು ಕೊಡಲಿಲ್ಲ. ಅರಿಸಿನದಲ್ಲಿ ಗುಣವಿಲ್ಲವೆಂದು ನಾವು ಹೇಳುತ್ತಿಲ್ಲ. ಪ್ರಯೋಗಾಲಯದಲ್ಲಿ ಶುದ್ಧೀಕರಿಸಿ ಪರೀಕ್ಷೆಗೆ ಒಳಪಡಿಸಿದ ಸಾರ ಬೇರೆ, ಸಾರಿನ ಸೌಟು ಮುಟ್ಟಿದ ಕೈಯಿಂದಲೇ ದಿನವೂ ತೆಗೆಯುವ ಪುಡಿ ಬೇರೆ ಎನ್ನುತ್ತಿದ್ದೇವೆ. ಅರಿಸಿನ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಮಣ್ಣಿನ ಸೂಕ್ಷ್ಮಜೀವಿಗಳು ಅದರ ಪುಡಿಯಲ್ಲೂ ಇರಬಹುದು. ಬಣ್ಣ ಹೆಚ್ಚಿಸಲು ಸೀಸದ ಕ್ರೋಮೇಟ್, ಮೆಟಾನಿಲ್ ಯೆಲ್ಲೋ ಮುಂತಾದ ವಿಷಪದಾರ್ಥಗಳನ್ನು ಕಲಬೆರಕೆ ಮಾಡಿದ ಪುಡಿ ಪೇಟೆಯಲ್ಲಿ ಸಿಕ್ಕಿಬಿದ್ದ ಪ್ರಸಂಗಗಳೂ ಉಂಟು. ಸಾಲದೆಂಬಂತೆ, ಯಾವ ಪುಡಿಯೇ ಆಗಲಿ ಗಾಯದೊಳಗೆ ಗಟ್ಟಿಯಾಗಿ ಕೂತರೆ ಗಾಯದ ಆಳ ಎಷ್ಟೆಂಬುದು ವೈದ್ಯರಿಗೆ ಕಾಣುವುದಿಲ್ಲ. ಅದನ್ನು ತೊಳೆದು ತೆಗೆಯುವಾಗ ಆಗುವ ನೋವು ಗಾಯದ ನೋವಿಗಿಂತ ಹೆಚ್ಚು. ಕಾಫಿಪುಡಿಗೂ ಸುಣ್ಣಕ್ಕೂ ಈ ಮಾತು ಅನ್ವಯಿಸುತ್ತದೆ. ಸುಣ್ಣವಂತೂ ಚರ್ಮವನ್ನೇ ಸುಡುವ ಗುಣವುಳ್ಳದ್ದು.

ನಮ್ಮ ಪರಂಪರೆಯ ಮಾತನ್ನೇ ಕೇಳುವುದಾದರೆ, ಸುಶ್ರುತ ಸಂಹಿತೆ ಪೆಟ್ಟಿನಿಂದಾದ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು 6 ಬಗೆಯಾಗಿ ವಿಂಗಡಿಸುತ್ತದೆ. ಕೊಯ್ದ ಗಾಯ, ಚುಚ್ಚಿದ ಗಾಯ, ಜಜ್ಜಿದ ಗಾಯ, ತರಚಿದ ಗಾಯ ಇವೆಲ್ಲಕ್ಕೂ ಒಂದೇ ಚಿಕಿತ್ಸೆ ಸಲ್ಲದು ಎಂಬ ಎಚ್ಚರ ಆ ಕಾಲಕ್ಕೇ ಇತ್ತು. ಆಯುರ್ವೇದ ವ್ರಣಚಿಕಿತ್ಸೆಯಲ್ಲಿ ಶೋಧನ, ರೋಪಣ ಎಂಬ ಎರಡು ಮಾತುಗಳನ್ನು ಬಳಸುತ್ತದೆ. ಶೋಧನವೆಂದರೆ ಶುದ್ಧಗೊಳಿಸುವುದು, ರೋಪಣವೆಂದರೆ ಮಾಯಿಸುವುದು. ಕಲ್ಮಷವಿರುವ ಗಾಯಕ್ಕೆ ಶೋಧನ ಮೊದಲು, ರೋಪಣ ಅನಂತರ. ತೊಳೆಯದೆ ಹಚ್ಚುವ ನಮ್ಮ ರೂಢಿಗೆ ಹೊಸ ವೈದ್ಯದ ಒಪ್ಪಿಗೆಯೂ ಇಲ್ಲ, ಹಳೆಯ ವೈದ್ಯದ ಆಧಾರವೂ ಇಲ್ಲ.

ಮುಚ್ಚುವುದು

ಗಾಯ ಗಾಳಿಯಾಡಿದರೆ ಬೇಗ ಒಣಗುತ್ತದೆ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಒಣಗುವುದು ನಿಜ, ಆದರೆ ಒಣಗುವುದೂ ಮಾಯುವುದೂ ಒಂದೇ ಅಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಬೆಳೆದ ವೇಗ ತೆರೆದಿಟ್ಟವುಗಳಿಗಿಂತ ಸುಮಾರು ಎರಡರಷ್ಟಿತ್ತು. ಗಟ್ಟಿ ಹಕ್ಕಳೆಯ ಅಡಿಯಲ್ಲಿ ದಾರಿ ಹುಡುಕುವ ಜೀವಕೋಶಗಳಿಗಿಂತ ತೇವದ ಮೇಲೆ ಸರಿಯುವ ಜೀವಕೋಶಗಳು ಬೇಗ ಸಾಗುತ್ತವೆ ಎಂಬುದು ಇದರ ಮರ್ಮ. ಹೀಗಾಗಿ ತೊಳೆದು ಸುತ್ತಲೂ ಒರೆಸಿದ ಗಾಯಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಮೇಲೆ ಪಟ್ಟಿ ಅಂಟಿಸಿದರೆ ಸಾಕು. ಪಟ್ಟಿ ಒದ್ದೆಯಾದಾಗ, ಕೊಳೆಯಾದಾಗ, ಇಲ್ಲದಿದ್ದರೆ ದಿನಕ್ಕೊಮ್ಮೆ ಬದಲಿಸಬೇಕು.

ನಾವಿಂದು ಕಿರಾಣಿ ಅಂಗಡಿಯಲ್ಲೂ ಕೊಳ್ಳುವ ಅಂಟುಪಟ್ಟಿ ಹುಟ್ಟಿದ್ದೇ ಅಡುಗೆಮನೆಯ ಗಾಯದಿಂದ. ಅಮೆರಿಕದ ಅರ್ಲ್ ಡಿಕ್ಸನ್ ಅವರ ಪತ್ನಿಗೆ ಅಡುಗೆ ಮಾಡುವಾಗ ಆಗಾಗ ಬೆರಳು ಕೊಯ್ದುಕೊಳ್ಳುತ್ತಿತ್ತು, ಸುಡುತ್ತಿತ್ತು. ಮನೆಯಲ್ಲಿ ಒಬ್ಬರೇ ಇದ್ದಾಗಲೂ ಒಂದೇ ಕೈಯಲ್ಲಿ ಹಚ್ಚಿಕೊಳ್ಳಲು ಆಗುವಂತೆ ಅವರು 1920ರಲ್ಲಿ ಅಂಟಿನ ಪಟ್ಟಿಯ ನಡುವೆ ಹತ್ತಿಯ ಬಟ್ಟೆಯ ತುಣುಕುಗಳನ್ನಿಟ್ಟು ಸಿದ್ಧಪಡಿಸಿದರು. ಅಡುಗೆಮನೆಯಲ್ಲಿ ಒಬ್ಬರೇ ದುಡಿಯುವ ತಾಯಂದಿರ ಗಾಯವನ್ನು ಮನೆಯವರು ಕ್ಷುಲ್ಲಕವೆಂದು ಕಡೆಗಣಿಸಬಾರದು ಎಂಬ ಪಾಠವೂ ಇದರಲ್ಲಿದೆ.

ಧನುರ್ವಾಯುವಿನ ವಿಚಾರ

ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಧನುರ್ವಾಯು ಬರುತ್ತದೆ, ಹೊಳೆಯುವ ಚಾಕುವಿನಿಂದ ಭಯವಿಲ್ಲ ಎಂದು ಎಷ್ಟೋ ಜನ ತಿಳಿದಿದ್ದಾರೆ. ತುಕ್ಕಿನಲ್ಲಿ ಆ ವಿಷವಿಲ್ಲ. ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಮಣ್ಣಿನಲ್ಲೂ ದನದ, ಕುದುರೆಯ ಸಗಣಿಯಲ್ಲೂ ವರ್ಷಗಟ್ಟಲೆ ಬದುಕಿರುತ್ತವೆ. ಗಾಳಿ ಸುಳಿಯದ ಆಳವಾದ ಗಾಯದಲ್ಲಿ ಅವು ಚಿಗುರಿ, ನರಗಳಿಗೆ ತಗಲುವ ವಿಷವನ್ನು ಉತ್ಪಾದಿಸುತ್ತವೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಕುತ್ತಿಗೆ ಸೆಟೆಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಅಷ್ಟರಲ್ಲಿ ಗಾಯ ಮಾಯ್ದೇಹೋಗಿರಬಹುದು. ಹೀಗಿರುವಾಗ ಗಾಯಕ್ಕೆ ಮಣ್ಣು ಮೆತ್ತುವುದೆಂದರೆ ರೋಗದ ಬೀಜವನ್ನು ನಾವೇ ಬಿತ್ತಿದಂತೆ. ದನದ ಕೊಟ್ಟಿಗೆಯಲ್ಲಿ, ಗೊಬ್ಬರದ ತಿಪ್ಪೆಯ ಬಳಿ, ಹೊಲದಲ್ಲಿ ಆದ ಗಾಯಗಳನ್ನು ಇಮ್ಮಡಿ ಎಚ್ಚರದಿಂದ ತೊಳೆಯಬೇಕು.

ಇದಕ್ಕೆ ಲಸಿಕೆಯ ರಕ್ಷಣೆ ಇದೆ. ಶಿಶುವಿಗೆ ಆರನೆಯ ವಾರದಿಂದ ಆರಂಭವಾಗುವ ಈ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲೂ ಸರಕಾರ ಉಚಿತವಾಗಿ ಕೊಡುತ್ತದೆ. ನಾವೆಲ್ಲ ಟಿ.ಟಿ. ಎಂದು ಕರೆಯುತ್ತಿದ್ದ ಸೂಜಿಮದ್ದಿನ ಬದಲಿಗೆ 2019ರಿಂದ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಸರಕಾರಿ ಕಾರ್ಯಕ್ರಮದಲ್ಲಿ ಬಂದಿದೆ. ಗರ್ಭಿಣಿಯರಿಗೆ ಇದನ್ನು ತಪ್ಪದೆ ಕೊಡುತ್ತಾರೆ. ಹದಿನಾರು ದಾಟಿದ ಗಂಡಸರಿಗೆ ಮಾತ್ರ ಲಸಿಕೆಯನ್ನು ನೆನಪಿಸುವ ಇಂಥ ಸಂದರ್ಭ ಬರುವುದೇ ಇಲ್ಲ. ಕುಡುಗೋಲು ಹಿಡಿದು ಮಣ್ಣಿನಲ್ಲಿ ದುಡಿಯುವ ವಯಸ್ಸೂ ಅದೇ ಎಂಬುದನ್ನು ನಾವು ಗಮನಿಸಬೇಕು.

ಗಾಯವಾದಾಗಲೆಲ್ಲ ಸೂಜಿ ಹಾಕಿಸಿಕೊಳ್ಳುವುದು ಇನ್ನೊಂದು ತುದಿಯ ತಪ್ಪು. ಮೂಲ ಲಸಿಕೆಗಳು ಪೂರ್ಣಗೊಂಡಿದ್ದರೆ ವಯಸ್ಕರಿಗೆ 10 ವರ್ಷಕ್ಕೊಮ್ಮೆ ಒಂದು ಲಸಿಕೆ ಸಾಕು. ಗಾಯ ಆಳವಾಗಿದ್ದು ಮಣ್ಣು, ಸಗಣಿ ಸೇರಿದ್ದರೆ, ಹಿಂದಿನ ಲಸಿಕೆಗೆ 5 ವರ್ಷ ಮೀರಿದ್ದರೂ ಹಾಕಿಸಿಕೊಳ್ಳಬೇಕು. ಎಂದೂ ಲಸಿಕೆ ಪಡೆಯದವರಿಗೆ ಗಾಯವಾದ ದಿನದ ಒಂದು ಸೂಜಿಯಿಂದ ಕೂಡಲೇ ರಕ್ಷಣೆ ದೊರೆಯುವುದಿಲ್ಲ. ಅಂಥವರಿಗೆ ಕೊಳೆಯಾದ ಗಾಯವಾದಾಗ ಸಿದ್ಧ ಪ್ರತಿಕಾಯಗಳ ಬೇರೊಂದು ಚುಚ್ಚುಮದ್ದೂ ಬೇಕಾಗುತ್ತದೆ. ವೈದ್ಯರಿಗೆ ಇದನ್ನು ಮರೆಯದೆ ತಿಳಿಸಬೇಕು. ಸೂಜಿ ಹಾಕಿಸಿಕೊಂಡೆವೆಂದು ಗಾಯ ತೊಳೆಯದೆ ಬಿಡುವುದೂ ಸಲ್ಲದು. ಲಸಿಕೆ ಧನುರ್ವಾಯುವನ್ನು ತಡೆಯುತ್ತದೆ, ಕೀವನ್ನಲ್ಲ. ಮನೆಯವರೆಲ್ಲರ ಲಸಿಕೆಯ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಪದ್ಧತಿ.

ಸಣ್ಣದೆನಿಸಿದರೂ ಸಣ್ಣದಲ್ಲದ ಗಾಯ

ಬೆರಳಿನಲ್ಲಿ ಚರ್ಮದ ಕೆಳಗೇ ನರಗಳೂ ಸ್ನಾಯುರಜ್ಜುಗಳೂ ಹಾದುಹೋಗುತ್ತವೆ. ಹೊರಗೆ ಅರ್ಧ ಅಂಗುಲದ ಗಾಯ ಕಂಡರೂ ಒಳಗೆ ರಜ್ಜು ತುಂಡಾಗಿರಬಹುದು. ಆದ್ದರಿಂದ ರಕ್ತ ನಿಂತ ಮೇಲೆ ಬೆರಳಿನ ಪ್ರತಿ ಗೆಣ್ಣನ್ನೂ ಮಡಚಿ ಬಿಡಿಸಿ ನೋಡಬೇಕು, ತುದಿಯನ್ನು ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಬೆರಳು ಮಡಚದಿದ್ದರೆ, ಜೋಮು ಹಿಡಿದಂತಿದ್ದರೆ, 15 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ರಕ್ತ ಚಿಮ್ಮುತ್ತಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಲಿಗೆ ಹಾಕುವುದಿದ್ದರೆ ಮೊದಲ 6ರಿಂದ 8 ಗಂಟೆಗಳೊಳಗೆ ಹಾಕುವುದು ಮೇಲು. ನಾಳೆ ನೋಡೋಣವೆಂದು ತಳ್ಳಿದ ಕೈ ಮುಂದೆ ಮುಷ್ಟಿ ಕಟ್ಟಲಾರದಂತಾದರೆ, ಆ ಕೈಯ ದುಡಿಮೆಯನ್ನು ನಂಬಿದ ಮನೆಯ ಗತಿಯೇನು?

ಅಕಸ್ಮಾತ್ ಬೆರಳಿನ ತುಂಡು ಬೇರ್ಪಟ್ಟರೆ ಅದನ್ನು ನೇರವಾಗಿ ಮಂಜುಗಡ್ಡೆಯಲ್ಲಿಡಬಾರದು. ಶುಚಿಯಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯ ಜೊತೆಗೇ ಒಯ್ಯಬೇಕು.

ಮಧುಮೇಹಿಗಳ ಗಾಯ ನಿಧಾನವಾಗಿ ಮಾಯುತ್ತದೆ. ಅವರ ಪಾದಗಳಲ್ಲಿ ಸ್ಪರ್ಶ ಕುಂದಿದ್ದರೆ ಗಾಯವಾದದ್ದೇ ತಿಳಿಯದಿರಬಹುದು. ಹೃದಯದ ಕಾಯಿಲೆಗೆ ರಕ್ತ ತೆಳುವಾಗುವ ಮಾತ್ರೆ ಸೇವಿಸುವ ಹಿರಿಯರಲ್ಲಿ ರಕ್ತ ನಿಲ್ಲಲು ಹೆಚ್ಚು ಹೊತ್ತು ಬೇಕು. ಇಂಥವರು ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸುವುದು ಲೇಸು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಬಿಸಿಯಾಗಿ ಊದಿಕೊಂಡು ನೋವು ದಿನೇದಿನೇ ಹೆಚ್ಚುತ್ತಿದ್ದರೆ, ಕೀವು ಅಥವಾ ಜ್ವರ ಕಂಡರೆ ಯಾರೂ ತಡಮಾಡಬಾರದು.

ಹಿಡಿಯುವ ಶಿಸ್ತು

ಗಾಯಗಳಲ್ಲಿ ಹಲವು ಆಗದಂತೆ ತಡೆಯಲು ಬರುತ್ತದೆ. ಮೊಂಡು ಚಾಕು ಸುರಕ್ಷಿತವೆಂಬುದು ಭ್ರಮೆ. ಮೊಂಡಾದಷ್ಟೂ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಷ್ಟೂ ಅದು ಜಾರುತ್ತದೆ. ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿಕೊಳ್ಳಬೇಕು. ಬೀಳುತ್ತಿರುವ ಚಾಕುವನ್ನು ಹಿಡಿಯಹೋಗದೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು. ತೊಳೆಯುವ ಪಾತ್ರೆಗಳ ರಾಶಿಯಲ್ಲಿ ಚಾಕುವನ್ನು ಮುಳುಗಿಸಿಡಬಾರದು. ಕೆಲಸ ಮುಗಿದ ಈಳಿಗೆಮಣೆಯ ಅಲಗನ್ನು ಮಡಚಿ, ಮಡಚಲು ಬಾರದಿದ್ದರೆ ಗೋಡೆಯ ಕಡೆಗೆ ತಿರುಗಿಸಿ, ಮಕ್ಕಳ ಕೈಗೆಟುಕದಂತೆ ಇಡಬೇಕು.

ಕೆತ್ತನೆಯ ಹವ್ಯಾಸಿಗಳಿಗೆ ಒಂದು ವಿಶೇಷ ಮಾತು. ಮರದ ತುಂಡನ್ನು ತೊಡೆಯ ಮೇಲಿಟ್ಟು ಕೆತ್ತಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ; ಅಲ್ಲಿ ಚೂರಿ ಜಾರಿದರೆ ಪ್ರಾಣಕ್ಕೇ ಅಪಾಯ. ಚೂರಿಯನ್ನು ಮೈಯಿಂದ ಹೊರಮುಖವಾಗಿ ನಡೆಸಬೇಕು. ಕೈ ಚಾಚಿದರೆ ಇನ್ನೊಬ್ಬರಿಗೆ ತಗಲದಷ್ಟು ಜಾಗವಿರಬೇಕು. ಅಲಗು ಹರಿತವೇ ಎಂದು ಹೆಬ್ಬೆರಳಿನಿಂದ ಸವರಿ ನೋಡುವ ಬದಲು ಒಂದು ಹಾಳೆಯನ್ನು ಕೊಯ್ದು ನೋಡಬೇಕು. ದಣಿದಾಗ, ಮನಸ್ಸು ಬೇರೆಡೆ ಇರುವಾಗ ಕೆತ್ತನೆಯನ್ನು ನಿಲ್ಲಿಸುವುದೂ ಆ ಕಲೆಯ ಶಿಸ್ತೇ.

ದಾಸೋಹದ ಅಡುಗೆಮನೆಗೆ

ಕೊನೆಯದಾಗಿ, ಜಾತ್ರೆ, ಉತ್ಸವಗಳ ದಿನ ದಾಸೋಹದ ಅಡುಗೆಮನೆಯಲ್ಲಿ ಸೇವೆ ಸಲ್ಲಿಸುವ ಭಕ್ತರಲ್ಲಿ ನಮ್ಮದೊಂದು ಅರಿಕೆ. ಮೂಟೆಗಟ್ಟಲೆ ತರಕಾರಿ ಹೆಚ್ಚುವಾಗ ಯಾರದಾದರೂ ಬೆರಳು ಕೊಯ್ದರೆ, ಸೇವೆ ನಿಲ್ಲಬಾರದೆಂದು ಬಟ್ಟೆಯ ಚೂರು ಸುತ್ತಿಕೊಂಡು ಅವರು ಕೆಲಸ ಮುಂದುವರಿಸುವುದುಂಟು. ಅವರ ಶ್ರದ್ಧೆ ದೊಡ್ಡದು. ಆದರೆ ಅದರ ಫಲ ಉಣ್ಣುವವರಿಗೆ ಕೇಡಾಗಬಹುದು. ಆರೋಗ್ಯವಂತರ ಚರ್ಮದಲ್ಲೂ ಮೂಗಿನಲ್ಲೂ ಇರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೋಂಕು ತಗಲಿದ ಗಾಯದಲ್ಲಿ ಹೇರಳವಾಗಿರುತ್ತದೆ. ಅದು ಅಡುಗೆಗೆ ಸೇರಿ, ಆ ಅಡುಗೆ ತಾಸುಗಟ್ಟಲೆ ಬೆಚ್ಚಗೆ ಉಳಿದರೆ ಅಲ್ಲಿ ವಿಷ ಹುಟ್ಟುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಉಂಡ 30 ನಿಮಿಷದಿಂದ 8 ಗಂಟೆಯೊಳಗೆ ವಾಂತಿ, ಹೊಟ್ಟೆನುಲಿತ, ಭೇದಿ ಆರಂಭವಾಗುತ್ತವೆ. ಒಂದು ಬೆರಳಿನ ಗಾಯ ಇಡೀ ಪಂಕ್ತಿಯ ಸಂಕಟವಾಗುವುದು ಹೀಗೆ.

ಆದ್ದರಿಂದ ಪ್ರತಿ ದಾಸೋಹದ ಅಡುಗೆಮನೆಯಲ್ಲೂ ಮೂರು ಏರ್ಪಾಡುಗಳು ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದು, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ: ಶುಚಿಯಾದ ಗಾಜ್ ಬಟ್ಟೆ, ನೀರು ಹೀರದ ಅಂಟುಪಟ್ಟಿ, ಸುತ್ತುಬಟ್ಟೆ, ಕೈಗವಸು, ಸಾಬೂನು, ಕತ್ತರಿ. ಪಟ್ಟಿ ನೀಲಿ ಬಣ್ಣದ್ದಾದರೆ ಉತ್ತಮ, ಏಕೆಂದರೆ ಅದು ಕಳಚಿ ಬಿದ್ದರೂ ಅಡುಗೆಯಲ್ಲಿ ಎದ್ದು ಕಾಣುತ್ತದೆ. ಎರಡನೆಯದು, ಪೆಟ್ಟಿಗೆಯ ಹೊಣೆ ಹೊತ್ತ ಒಬ್ಬರು. ಮೂರನೆಯದು ಒಂದು ನಿಯಮ: ಕೈಗೆ ಗಾಯವಾದವರು ಗಾಯವನ್ನು ತೊಳೆದು ಮುಚ್ಚಿಕೊಂಡು, ಅಂದಿನ ಮಟ್ಟಿಗೆ ಅಡುಗೆ ಮುಟ್ಟದ ಬೇರೆ ಸೇವೆಗೆ ಹೋಗಬೇಕು; ರಕ್ತ ತಗುಲಿದ ತರಕಾರಿಯನ್ನು ಎಸೆದು, ಚಾಕುವನ್ನೂ ಮಣೆಯನ್ನೂ ತೊಳೆಯಬೇಕು. ಹೀಗೆ ಸ್ಥಳ ಬದಲಿಸುವುದನ್ನು ಯಾರೂ ಸೇವೆಯಲ್ಲಿ ಹಿಂಜರಿದಂತೆ ಎಣಿಸಬಾರದು. ಚಪ್ಪಲಿ ಕಾಯುವ, ಚಾಪೆ ಹಾಸುವ, ಬಂದವರಿಗೆ ದಾರಿ ತೋರುವ ಸೇವೆಯೂ ಹೆಚ್ಚುವ ಸೇವೆಯಷ್ಟೇ ದೊಡ್ಡದು.

ಮನೆಗೂ ಇದೇ ನಿಯಮ ಸಾಕು. ಅರಿಸಿನದ ಡಬ್ಬಿ ಒಲೆಯ ಪಕ್ಕದಲ್ಲೇ ಇರಲಿ, ಸಾರಿಗೆ ಅದು ಬೇಕೇ ಬೇಕು. ಬೆರಳು ಕೊಯ್ದ ದಿನ ಮಾತ್ರ ಕೈ ಮೊದಲು ನೀರಿನ ಕಡೆಗೆ ಹೋಗಲಿ.